ಬಿಸಿನೀರಣ್ಣನ ಕೈತಪ್ಪಿದ ಗೀಸರ್

ಬೆಳಗಿನ ಐದೂಕಾಲು. ಹೊಸ ಬಡಾವಣೆಯ ಏಳನೇ ಅಡ್ಡರಸ್ತೆಯಲ್ಲಿ ಐವತ್ತು ದಾಟಿದ ಒಬ್ಬರು ಸೈಕಲ್ಲನ್ನು ಕಾಂಪೌಂಡಿಗೆ ಒರಗಿಸಿ, ಕತ್ತೆತ್ತಿ, ಯಾರದೋ ಮನೆಯ ಬಚ್ಚಲ ಕಿಟಕಿಯನ್ನೇ ನೋಡುತ್ತ ನಿಂತಿದ್ದಾರೆ. ನೋಡಿದವರು ಏನಂದುಕೊಳ್ಳುತ್ತಾರೆ ಎಂಬುದು ಅವರಿಗೂ ಗೊತ್ತು. ಮೈಯೆಲ್ಲ ಕಿವಿಯಾಗಿಸಿಕೊಂಡು ಕೇಳುತ್ತಾರೆ. ಒಳಗೆ ಬಕೆಟ್ಟಿಗೆ ನೀರು ಬೀಳುವ ಸದ್ದು ಬಿಟ್ಟರೆ ಬೇರೇನಿಲ್ಲ.

“ಸರಿ ಇರೋ ಗೀಸರ್ ಅಷ್ಟಾಗಿ ಸದ್ದು ಮಾಡಲ್ಲ. ಒಳಗೆ ನೀರು ಕುದೀತಿದ್ರೆ ಗುಡುಗುಡು ಅನ್ನುತ್ತೆ, ರಸ್ತೇಗೂ ಕೇಳುತ್ತೆ,” ಎನ್ನುತ್ತಾರೆ.

ಮಹಡಿಯ ಕಿಟಕಿಯಿಂದ ಒಬ್ಬಾಕೆ ಇಣುಕುತ್ತಾರೆ. “ಯಾರ್ರೀ ಅದು? ಏನ್ರೀ ನೋಡ್ತಿದ್ದೀರಿ?”

“ಗೀಸರ್ ರಿಪೇರಿಯವನಮ್ಮ. ದುಡ್ಡೇನೂ ಬೇಡ. ನಿಮ್ಮ ಗೀಸರ್ ಒಂದ್ಸಲ ನೋಡ್ಕೊಂಡು ಹೋಗ್ಲಾ?”

ಕಿಟಕಿ ಪಟಾರನೆ ಮುಚ್ಚುತ್ತದೆ. “ದುಡ್ಡು ಬೇಡ ಅಂದ್ರೆ ಜನಕ್ಕೆ ಅನುಮಾನ ಜಾಸ್ತಿ. ದುಡ್ಡು ಕೇಳಿದ್ರೆ ಬೇಡಪ್ಪ ಹೋಗು ಅಂತಾದ್ರೂ ಅಂತಾರೆ,” ಎಂದು ಸೈಕಲ್ಲನ್ನು ಪಕ್ಕದ ಮನೆಗೆ ತಳ್ಳುತ್ತಾರೆ.

‘ಬಿಸಿನೀರಣ್ಣ’ ಎಂಬ ಹೆಸರನ್ನು ಇವರಿಗಿಟ್ಟದ್ದು ಯಾವುದೋ ಮನೆಯ ತೊದಲುಮಾತಿನ ಮಗು. ಈಗ ಹೆಂಡತಿಯ ತವರಿನವರೂ ಹಾಗೇ ಕರೆಯುತ್ತಾರೆ. ಇಪ್ಪತ್ತಾರು ವರ್ಷದಿಂದ ಗೀಸರ್ ಬಿಚ್ಚುವುದು, ಕಟ್ಟುವುದು. ಚಳಿಗಾಲದಲ್ಲಿ ದಿನಕ್ಕೆ ಏಳೆಂಟು ಮನೆ, ಬೇಸಿಗೆಯಲ್ಲಿ ವಾರಕ್ಕೆ ಅಷ್ಟು. ಇಲ್ಲಿಯ ನೀರು ಗಡುಸು. ಎರಡು ವರ್ಷ ತೊಳೆಯದ ಗೀಸರ್ ತೊಟ್ಟಿಯನ್ನು ಬಿಚ್ಚಿದರೆ ಅರ್ಧ ಬಕೆಟ್ ಸುಣ್ಣ ಉದುರುತ್ತದೆ, ನೀರು ಕಾಯಿಸುವ ಕಾಯಿಲ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಎಡಗೈಯ ಎರಡು ಬೆರಳು ಸುಟ್ಟು ಸುಟ್ಟು ಮರಗಟ್ಟಿವೆ.

“ನೀರು ಬಿಸಿ ಆಗ್ತಿಲ್ಲ ಅಂತ ಕರೀತಾರೆ, ಹೋಗಿ ನೋಡಿದ್ರೆ ಸ್ವಿಚ್ಚೇ ಸುಟ್ಟಿರುತ್ತೆ. ತೊಟ್ಟಿ ತೂತಾಗಿದೆ ಅಂತಾರೆ, ನೋಡಿದ್ರೆ ವಾಷರ್ ಹೋಗಿರುತ್ತೆ. ಒಬ್ರು ಯಜಮಾನ್ರು ಗೀಸರ್ ಶಾಕ್ ಹೊಡೀತಿದೆ ಅಂತ ಒಂದು ತಿಂಗಳು ರಬ್ಬರ್ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿದ್ರು. ಆಮೇಲೆ ಚಪ್ಪಲಿ ಹರಿದುಹೋಯ್ತು, ನನ್ನ ಕರೆದ್ರು.” ಹೀಗೆ ನಗುನಗುತ್ತಲೇ ಹೇಳುತ್ತಾರೆ. ಆ ನಗು ಮುಖದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಈ ಕಸುಬಿನಲ್ಲಿ ‘ಡೈರೆಕ್ಟ್’ ಎಂಬ ಮಾತೊಂದಿದೆ. ನೀರು ಸಾಕಷ್ಟು ಕಾದ ಕೂಡಲೇ ಕರೆಂಟ್ ನಿಲ್ಲಿಸುವುದು ಥರ್ಮೋಸ್ಟಾಟ್ ಎಂಬ ಗೇಣುದ್ದದ ಭಾಗ. ಅದು ಕೆಟ್ಟರೆ ಎಷ್ಟೋ ಸಲ ನೀರು ಬಿಸಿಯಾಗುವುದೇ ಇಲ್ಲ. ಹೊಸದು ಸಿಗುವ ತನಕ ಅದನ್ನು ಪಕ್ಕಕ್ಕಿಟ್ಟು, ಒಂದು ತುಂಡು ತಂತಿಯಲ್ಲಿ ಕರೆಂಟನ್ನು ನೇರವಾಗಿ ಕಾಯಿಲ್ಲಿಗೇ ಕೊಟ್ಟರೆ ಅದು ಡೈರೆಕ್ಟ್. ನೀರೇನೋ ಕಾಯುತ್ತದೆ, ತಾನಾಗಿ ನಿಲ್ಲುವುದಿಲ್ಲ. ಮನೆಯವರೇ ನೆನಪಿಟ್ಟು ಸ್ವಿಚ್ ಆರಿಸಬೇಕು. ಮರೆತರೆ ನೀರು ಕುದಿಯುತ್ತದೆ, ಒತ್ತಡ ಏರುತ್ತದೆ. ಒತ್ತಡವನ್ನು ಹೊರಗೆ ಬಿಡಬೇಕಾದ ಸೇಫ್ಟಿ ವಾಲ್ವಿಗೆ ಸುಣ್ಣ ಕಟ್ಟಿದ್ದರೆ ತೊಟ್ಟಿ ಸಿಡಿಯುತ್ತದೆ. ಇದು ಮಾಡಬಾರದ ಕೆಲಸವೆಂದು ರಿಪೇರಿಯವರಿಗೆಲ್ಲ ಗೊತ್ತು. ಆದರೂ ಮಾಡುತ್ತಾರೆ. ಬಿಸಿನೀರಣ್ಣನೂ ಮಾಡಿದರು.

ಹೋದ ವರ್ಷದ ಚಳಿಗಾಲ. ಹಳೆ ಬೀದಿಯ ಒಂದು ಬಾಡಿಗೆ ಮನೆಯ ಗೀಸರಿನಲ್ಲಿ ಥರ್ಮೋಸ್ಟಾಟ್ ಕೆಟ್ಟಿತ್ತು, ಅಂಗಡಿಗಳಲ್ಲಿ ಆ ಅಳತೆಯದೇ ಇರಲಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳ ತಾಯಿ, ಚಿಕ್ಕದು ಸೊಂಟದ ಮೇಲೆ. “ಅಣ್ಣಾ, ಮಗೂಗೆ ಇವತ್ತು ಜ್ವರ ಬಿಟ್ಟಿದೆ, ಮೈ ತೊಳೀಬೇಕು. ಏನಾದ್ರೂ ಮಾಡ್ಕೊಡಿ,” ಎಂದು ಗೋಗರೆದರು. ಇವರು ಡೈರೆಕ್ಟ್ ಕೊಟ್ಟರು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ‘ಹತ್ತು ನಿಮಿಷ. ಆಮೇಲೆ ಆರಿಸಿ’ ಎಂದು ದಪ್ಪಕ್ಷರದಲ್ಲಿ ಬರೆದು ಸ್ವಿಚ್ಚಿನ ಪಕ್ಕ ಅಂಟಿಸಿದರು. ವಾಲ್ವ್ ಕೂಡ ಸುಣ್ಣ ಕಟ್ಟಿ ಗಟ್ಟಿಯಾಗಿತ್ತು. ಎರಡನ್ನೂ ಎರಡೇ ದಿನದಲ್ಲಿ ತಂದು ಹಾಕುತ್ತೇನೆ ಎಂದು ಮಾತು ಕೊಟ್ಟು ಬಂದರು.

ಹೋದದ್ದು ಹನ್ನೊಂದನೆಯ ದಿನ.

“ನಾಲ್ಕನೇ ದಿನಕ್ಕೇ ಪಾರ್ಟು ಬಂದಿತ್ತು, ಚೀಲದಲ್ಲೇ ಇತ್ತು,” ಎನ್ನುವಾಗ ಧ್ವನಿ ಇಳಿಯುತ್ತದೆ. “ಬೇರೆ ಮನೆಗಳಿಂದ ಮೇಲಿಂದ ಮೇಲೆ ಫೋನು. ಇವರ ಮನೇಲಿ ಹೇಗೂ ಬಿಸಿನೀರು ಬರ್ತಿದೆಯಲ್ಲ, ನಾಳೆ ಹೋದ್ರಾಯ್ತು ಅಂದ್ಕೊಂಡೆ. ದಿನಾ ಹಾಗೇ ಅಂದ್ಕೊಂಡೆ.”

ಹನ್ನೊಂದನೆಯ ದಿನ ಹೋದಾಗ ಬಾಗಿಲು ತೆರೆದೇ ಇತ್ತು. ಒಳಗೆ ಬಣ್ಣ ಬಳಿಯುವವನೊಬ್ಬ ಏಣಿ ಹತ್ತಿದ್ದ. ಮನೆ ಖಾಲಿ. ಗೀಸರ್ ಬಾಡಿಗೆಯವರದೇ ಆದ್ದರಿಂದ ಕಳಚಿಕೊಂಡು ಹೋಗಿದ್ದರು, ಬಚ್ಚಲ ಗೋಡೆಯಲ್ಲಿ ಎರಡು ಬೋಲ್ಟು ಉಳಿದಿದ್ದವು. ಸ್ವಿಚ್ಚಿನ ಪಕ್ಕದಲ್ಲಿ ಚೀಟಿ ಹಾಗೇ ಇತ್ತು. ಗೀಸರ್ ಹೋಗಿತ್ತು, ಎಚ್ಚರಿಕೆ ಮಾತ್ರ ಹಿಂದೆ ಉಳಿದಿತ್ತು.

“ಹೊಸ ಮನೇಲಿ ಕೂರಿಸೋನು ಪೈಪ್ ಜೋಡಿಸ್ತಾನೆ, ಪ್ಲಗ್ ಹಾಕ್ತಾನೆ, ಹೋಗ್ತಾನೆ. ನನ್ನ ತಂತಿ ಇರೋದು ಕೆಳಗಿನ ಮುಚ್ಚಳದೊಳಗೆ, ಅದನ್ನ ಅವನ್ಯಾಕೆ ಬಿಚ್ತಾನೆ?” ಎನ್ನುತ್ತಾರೆ ಬಿಸಿನೀರಣ್ಣ.

ಆ ತಾಯಿಯ ಫೋನ್ ನಂಬರು ಚಾಲ್ತಿಯಲ್ಲಿಲ್ಲ. ಬಿಟ್ಟುಹೋದವರ ವಿಳಾಸ ತನಗೇಕೆ ಎಂದು ಮನೆಯ ಮಾಲೀಕರು ಕೈ ಕೊಡವಿದರು. ಕರೆಂಟ್ ಆಫೀಸಿನ ಗುಮಾಸ್ತರು, “ಯಾವ ಮನೆ ಅಂತಲೇ ಗೊತ್ತಿಲ್ದೆ ಏನಂತ ಬರ್ಕೊಳ್ಳೋದು?” ಎಂದು ನಕ್ಕರು. ಕೊನೆಗೆ ಸಾಮಾನು ಸಾಗಿಸಿದ ಟೆಂಪೋದವನು ಸಿಕ್ಕ. ಹೊಸ ಬಡಾವಣೆಯಲ್ಲಿ ನೀರಿನ ಟ್ಯಾಂಕ್ ದಾಟಿ ಎಲ್ಲೋ ಇಳಿಸಿದ ನೆನಪು ಎಂದ. ಟ್ಯಾಂಕ್ ದಾಟಿದರೆ ಇರುವುದು ಆರುನೂರ ನಲವತ್ತು ಮನೆ.

ಅಂದಿನಿಂದ ಹದಿನಾಲ್ಕು ತಿಂಗಳು, ದಿನಾ ಬೆಳಿಗ್ಗೆ ಐದರಿಂದ ಏಳು, ಜನ ಗೀಸರ್ ಹಾಕುವ ಹೊತ್ತು. ಒಳಗೆ ಬಿಟ್ಟುಕೊಂಡವರು ಇನ್ನೂರ ಹನ್ನೆರಡು ಮನೆಯವರು. ಆ ತಾಯಿಯ ಗೀಸರಿನದು ಬಿಳಿ ತೊಟ್ಟಿ, ಎಡಮಗ್ಗುಲಲ್ಲಿ ತಗ್ಗು. ಅದು ಇನ್ನೂ ಕಂಡಿಲ್ಲ. ಆ ಗೀಸರಿನ ಬಗ್ಗೆ ಎಚ್ಚರಿಸಿ ಕಂಬಗಳಿಗೆ ಅಂಟಿಸಿದ ಚೀಟಿಗಳು ವಾರ ಬಾಳಲಿಲ್ಲ. ಎರಡು ಸಲ ಯಾರೋ ಪೊಲೀಸರನ್ನು ಕರೆಸಿದ್ದೂ ಆಗಿದೆ.

ಮನೆಯಲ್ಲಿ ಹೆಂಡತಿಗೆ ಸಾಕುಸಾಕಾಗಿದೆ. “ಪೇಪರ್ ಬಂದ್ರೆ ಮೊದಲು ಯಾರು ಸತ್ರು ಅಂತ ನೋಡ್ತಾರೆ. ಆಂಬುಲೆನ್ಸ್ ಸದ್ದು ಕೇಳಿದ್ರೆ ಊಟದ ತಟ್ಟೆ ಬಿಟ್ಟು ಏಳ್ತಾರೆ. ಆಯಮ್ಮ ಯಾವತ್ತೋ ಸರಿ ಮಾಡಿಸಿರ್ತಾಳೆ ಬಿಡಿ ಅಂದ್ರೆ ನನ್ನ ಮೇಲೇ ರೇಗ್ತಾರೆ.”

ಬಿಸಿನೀರಣ್ಣ ತಲೆ ಅಡ್ಡ ಆಡಿಸುತ್ತಾರೆ. “ಆಯಮ್ಮಂಗೆ ಗೊತ್ತು, ಸರಿ. ಅವಳ ಅತ್ತೆ ಬಂದು ಸ್ವಿಚ್ ಹಾಕಿದ್ರೆ? ಗೀಸರ್ ಯಾರಿಗೋ ಮಾರಿಬಿಟ್ಟಿದ್ರೆ? ದೊಡ್ಡ ಮಗಳಿಗೆ ಆಗ ಸ್ವಿಚ್ಚು ಎಟುಕ್ತಿರ್ಲಿಲ್ಲ. ಈಗ ಎಟುಕುತ್ತೆ.”

ಏಳು ಗಂಟೆಗೆ ಬಡಾವಣೆಯ ಸ್ನಾನಗಳು ಮುಗಿಯುತ್ತ ಬರುತ್ತವೆ. ಇವತ್ತು ಹನ್ನೊಂದು ಮನೆಯ ಮುಂದೆ ನಿಂತು, ಒಂದರೊಳಗೆ ಹೋಗಿದ್ದಾರೆ. ನಿವೃತ್ತ ಮೇಷ್ಟ್ರೊಬ್ಬರು ಪಾಪ ಎಂದು ಬಾಗಿಲು ತೆರೆದರು. ತೊಟ್ಟಿ ಹೊಚ್ಚ ಹೊಸದು, ನೀಲಿ ಬಣ್ಣದ್ದು. ಆದರೂ ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು ನೋಡಿ, ಮತ್ತೆ ಬಿಗಿ ಮಾಡಿ, ಚೆಲ್ಲಿದ ನೀರನ್ನು ತಾವೇ ಒರೆಸಿ ಬಂದರು. ಇನ್ನು ಸಂಜೆಯವರೆಗೆ ಹೊಟ್ಟೆಪಾಡಿನ ಕೆಲಸ.

ಇಷ್ಟು ದಿನದ ಅಲೆದಾಟದಲ್ಲಿ ಏನೂ ಸಿಗಲಿಲ್ಲವೇ ಎಂದರೆ ರಸ್ತೆಬದಿಯ ಕಲ್ಲಿನ ಮೇಲೆ ಕೂರುತ್ತಾರೆ.

“ಎರಡು ಡೈರೆಕ್ಟ್ ಸಿಕ್ವು. ಎರಡೂ ನನ್ನದಲ್ಲ, ಬೇರೆ ಯಾರೋ ಮಾಡಿದ್ದು. ತಂತಿ ಕಂಡ ಕೂಡ್ಲೇ ಯಾವ ಮನೆಹಾಳ ಮಾಡಿದ್ದು ಅಂತ ಬಾಯಿಗೆ ಬಂದಂಗೆ ಬೈದೆ. ಆ ಮನೆಯವರು ಹೆದರ್ಕೊಂಡ್ರು. ಕಿತ್ತುಹಾಕಿ, ಹೊಸದು ಹಾಕ್ಕೊಟ್ಟು ಬಂದೆ.”

ಎದುರಿನ ಮನೆಗಳನ್ನು ನೋಡುತ್ತ ಮಾತು ಮುಂದುವರಿಸುತ್ತಾರೆ.

“ನನ್ನ ಕೈಗೇ ಸಿಗ್ಬೇಕು ಅನ್ನೋ ಆಸೆ ಈಗಿಲ್ಲ. ಎಲ್ಲೋ ಒಂದ್ಕಡೆ, ಯಾವನೋ ಒಬ್ಬ ರಿಪೇರಿಯವನು ಆ ಮುಚ್ಚಳ ಬಿಚ್ಚಿ, ನನ್ನ ತಂತಿ ನೋಡಿ, ನನ್ನ ವಂಶಾನೇ ಎತ್ತಿ ಬೈದಿರ್ಬೇಕು. ಅಷ್ಟಾಗಿದ್ರೆ ಸಾಕು.”