ಇಚಿ, ನೀವು, ಸಾನ್, ಶ್ರೀ

ಬಿಸಿಲು ಇನ್ನೂ ಸಿಲ್ವರ್ ಓಕ್ ಮರಗಳ ತುದಿಯಿಂದ ಕೆಳಗಿಳಿದಿಲ್ಲ. ಆಲ್ದೂರು ಸಮೀಪದ ಕಾಫಿ ತೋಟವೊಂದರ ಕಣದಲ್ಲಿ ಹೆಂಗಸರು ಸಾಲಾಗಿ ನಿಂತು ಕೈ ಮೇಲೆತ್ತುತ್ತಿದ್ದಾರೆ. ಸೀರೆಯ ಮೇಲೆ ಹಳೇ ಶರ್ಟು, ತಲೆಗೆ ಟವೆಲ್ಲು, ಸೊಂಟಕ್ಕೆ ಹಣ್ಣು ಕೊಯ್ಯುವ ಚೀಲ. ಎದುರಿಗೆ ನಿಂತ ನೌರೀನ್ "ಇಚಿ, ನೀವು, ಸಾನ್, ಶ್ರೀ" ಎಂದು ಲೆಕ್ಕ ಹಾಕಿದರೆ, ಹೆಂಗಸರು ಅದನ್ನೇ ಒಕ್ಕೊರಲಿನಿಂದ ಕೂಗುತ್ತಾರೆ. ತೋಟದ ಮಂಗಗಳಿಗೂ ಇಷ್ಟು ಹೊತ್ತಿಗೆ ಬಾಯಿಪಾಠ ಆಗಿರಬೇಕು.

ಇದು ಜಪಾನೀ ಭಾಷೆಯ ಒಂದು, ಎರಡು, ಮೂರು, ನಾಲ್ಕು. ಆಲ್ದೂರಿನಲ್ಲಿ ಸ್ವಲ್ಪ ರಿಪೇರಿಯಾಗಿದೆ. ಅಸಲು ಲೆಕ್ಕ "ಇಚಿ, ನೀ, ಸಾನ್, ಶೀ". ಮೊದಲ ದಿನ ಅದು ಕಿವಿಗೆ ಬಿದ್ದದ್ದೇ ತಡ, ಸಾಲಿನಲ್ಲೇ ಹಿರಿಯರಾದ ಅಂಜನಮ್ಮ ಎತ್ತಿದ ಕೈ ಇಳಿಸಿಬಿಟ್ಟರು. "ನಿಮ್ಮಜ್ಜಿ ವಯಸ್ಸಿನೋಳಿಗೆ ನೀ ಅಂತೀಯಲ್ಲಮ್ಮ. ಅದು ಸಾಲ್ದು ಅಂತ ಶೀ ಬೇರೆ." ನೌರೀನ್ ಎಷ್ಟು ಬಿಡಿಸಿ ಹೇಳಿದರೂ ಅವರು ಜಗ್ಗಲಿಲ್ಲ. "ಜಪಾನಲ್ಲಿ ಏನಾರ ಅನ್ಲಿ. ಇಲ್ಲಿ ದೊಡ್ಡೋರಿಗೆ ನೀವು ಅನ್ಬೇಕು." ಹಾಗಾಗಿ ನೀ ಹೋಗಿ ನೀವು ಆಯಿತು, ಶೀ ಹೋಗಿ ಶ್ರೀ ಬಂತು.

ನೌರೀನ್ ಆಲ್ದೂರಿನ ಜೀಪ್ ಮೆಕ್ಯಾನಿಕ್ ನಜೀರ್ ಅವರ ಮಗಳು. ಕಾಲೇಜಿನ ಕಬಡ್ಡಿಯಲ್ಲಿ ಮಂಡಿಗೆ ಪೆಟ್ಟಾಗಿ ಆಟ ನಿಂತಾಗ, ಆ ಮಂಡಿಯ ಹಿಂದೆಯೇ ಬಿದ್ದು ಫಿಸಿಯೋಥೆರಪಿ ಓದಿದರು. ಆಮೇಲೆ ವಿದ್ಯಾರ್ಥಿವೇತನ ಸಿಕ್ಕಿ ಜಪಾನಿಗೆ ಹೋದರು. ವೈದ್ಯಕೀಯ ಮತ್ತು ಕ್ರೀಡಾವಿಜ್ಞಾನಕ್ಕೇ ಮೀಸಲಾದ ಖಾಸಗಿ ವಿಶ್ವವಿದ್ಯಾಲಯವೊಂದನ್ನು ಸೇರಿದರು. ಅಲ್ಲಿನ ಮೈದಾನದಲ್ಲಿ ಬೆಳಿಗ್ಗೆ ಜೂಡೋ ಪಟುಗಳ ಪಕ್ಕದಲ್ಲೇ ಚಹಾ ತೋಟದ ಬೆನ್ನು ಬಾಗಿದ ಅಜ್ಜಿಯರೂ ಕಸರತ್ತು ಮಾಡುತ್ತಿದ್ದರಂತೆ. "ದಿನವಿಡೀ ದುಡಿಯೋ ಮೈನೂ ಆಟಗಾರರ ಮೈಯೇ ಅಂತಿದ್ರು ನಮ್ಮ ಪ್ರೊಫೆಸರ್ರು. ನಂಗೆ ತಕ್ಷಣ ನಮ್ಮೂರಿನ ಕಾಫಿ ಕೊಯ್ಯೋರು ಕಣ್ಣಿಗೆ ಬಂದ್ರು" ಎನ್ನುತ್ತಾರೆ ನೌರೀನ್.

ವಾಪಸು ಬಂದಾಗ ನೆಂಟರು ನಕ್ಕರು. ಕೈ ಎತ್ತಿ ಇಳಿಸೋದು ಕಲಿಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ ಅಂದರು. ನಜೀರ್ ಮಾತ್ರ ಮಗಳನ್ನು ಬಿಟ್ಟುಕೊಡಲಿಲ್ಲ. "ನಾನು ಜೀಪಿನ ಅಡಿಗೆ ಮಲಗಿ ನೋಡ್ತೀನಿ, ಅವಳು ಜನರ ಸೊಂಟ ನೋಡ್ತಾಳೆ. ಎರಡೂ ಒಂದೇ ಕೆಲ್ಸ ಮಾರಾಯ್ರೆ."

ಈಗ ನೌರೀನ್ ದಿನಕ್ಕೆ ಮೂರು ತೋಟ ಸುತ್ತಿ ಕಸರತ್ತು ಮಾಡಿಸುತ್ತಾರೆ, ಮೊದಲ ಬಸ್ಸಿಗೆ ಹೊರಟು. ಆದರೆ ಕಳೆದ ಕೊಯ್ಲಿನಲ್ಲಿ ಎಲ್ಲವೂ ನಿಂತೇಹೋಗುವುದರಲ್ಲಿತ್ತು. ಈ ತೋಟದ ಮಾಲೀಕ ಪುಟ್ಟಸ್ವಾಮಿಯವರಿಗೆ, ಹಣ್ಣು ಉದುರುವ ಹೊತ್ತಲ್ಲಿ ಡ್ರಿಲ್ ಯಾಕೆ ಎಂಬ ಅನುಮಾನ. ಅವರು ಬೇಡವೆಂದರೆ ಉಳಿದೆರಡು ತೋಟದ ಮಾಲೀಕರೂ ಬೇಡವೆನ್ನುತ್ತಿದ್ದರು. ಒಂದು ಬೆಳಿಗ್ಗೆ ಕಣಕ್ಕೆ ಬಂದು, "ನಿಮಗೆ ಇದು ಬೇಕಾ?" ಎಂದು ಹೆಂಗಸರನ್ನೇ ಕೇಳಿದರು. ಮಾಲೀಕರ ಎದುರು ಯಾರೂ ಬಾಯಿ ಬಿಡಲಿಲ್ಲ. "ಹಂಗಾದ್ರೆ ನಾಳೆ ಒಂದಿನ ಮಾಡಿ ಸಾಕು ಮಾಡಿ" ಎಂದು ಹೊರಟರು. ನೌರೀನ್ ಅಂದು ಮನೆಗೆ ಹೋಗಿ ಚೆನ್ನಾಗಿ ಅತ್ತರು.

ಮಾರನೆಯ ದಿನ ಬಸ್ಸೂ ಕೆಟ್ಟಿತು. ಇನ್ನೇನು ಎಲ್ಲರೂ ತೋಟಕ್ಕಿಳಿದಿರುತ್ತಾರೆ ಎಂದುಕೊಂಡೇ ಏದುಸಿರು ಬಿಡುತ್ತಾ ಬಂದರೆ, ಕಣದಲ್ಲಿ ಕಸರತ್ತು ಜೋರಾಗಿ ನಡೆದಿತ್ತು. ಮುಂದೆ ನಿಂತು ಮಾಡಿಸುತ್ತಿದ್ದವರು ಅಂಜನಮ್ಮ. ಹಿಂದಿನ ಸಾಲಿನಲ್ಲಿ ಪುಟ್ಟಸ್ವಾಮಿಯವರು ಕೈ ಅರ್ಧಕ್ಕೆತ್ತಿ ನಿಂತಿದ್ದರು.

"ಭುಜ ನೋವಿಗೆ ನನ್ ಜಡೆ ಸೊಸೆ ಹಾಕ್ಬೇಕಿತ್ತು. ಈಗ ನಾನೇ ಹಾಕ್ಕೊಳ್ತೀನಿ. ಇದ್ನ ಬಾಯಲ್ಲಿ ಹೇಳಕ್ ಬರ್ಲಿಲ್ಲ, ಮಾಡಿ ತೋರ್ಸಿದ್ವಿ" ಎನ್ನುತ್ತಾರೆ ಅಂಜನಮ್ಮ. ಪುಟ್ಟಸ್ವಾಮಿಯವರು ನಗುತ್ತಾರೆ: "ನನ್ ಸೊಂಟಾನೂ ಹಿಡ್ಕೊಂಡಿತ್ತು ಅಂತ ಯಾರಿಗೂ ಹೇಳಿರ್ಲಿಲ್ಲ." ಕಸರತ್ತು ನಿಲ್ಲಿಸುವ ಮಾತು ಆಮೇಲೆ ಬಂದಿಲ್ಲ.

ಅಂದು ಅಂಜನಮ್ಮ ನೌರೀನ್ ಅವರನ್ನು ಮುಂದಕ್ಕೂ ಕರೆಯಲಿಲ್ಲ. "ಲೇಟಾಗಿ ಬಂದೋರು ಹಿಂದೆ ನಿಲ್ಲಿ" ಎಂದರಂತೆ. ಬಸ್ಸು ತಡವಾದ ದಿನ ಈಗಲೂ ಅದೇ ನಿಯಮ. ಅದನ್ನು ಹೇಳುವಾಗ ನೌರೀನ್ ಅವರ ಮುಖ ಅರಳುತ್ತದೆ.

"ಮೊನ್ನೆ ಪ್ರೊಫೆಸರ್ರು ಫೋನ್ ಮಾಡಿ, ಈಗ ಯಾವ ಪೋಸ್ಟಲ್ಲಿದ್ದೀರಿ ಅಂತ ಕೇಳಿದ್ರು. ಹಿಂದಿನ ಸಾಲಲ್ಲಿ, ತೋಟದ ಯಜಮಾನ್ರ ಪಕ್ಕದಲ್ಲಿ ಅಂದೆ."