ಕೆಳಗಿನ ಮನೆಯ ಸಿಸ್ಟರ್, ಮೇಲಿನ ಮಂಚ

ಹೋದ ತಿಂಗಳು ತ್ಯಾಗರಾಜನಗರದ ಮಗಳ ಮನೆಗೆ ಹೋದಾಗ, ಬಾಗಿಲು ತೆರೆಯುತ್ತಿದ್ದಂತೆ ಕಬ್ಬಿಣಕ್ಕೆ ಹಚ್ಚಿದ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಚಿಕ್ಕ ರೂಮಿನಲ್ಲಿ ಒಂದರ ಮೇಲೊಂದು ಎರಡು ಹಾಸಿಗೆಯ ಮಂಚ ನಿಂತಿತ್ತು. ಯಾರೋ ಮನೆ ಖಾಲಿ ಮಾಡುವಾಗ ಕೊಟ್ಟು ಹೋದದ್ದಂತೆ; ಅಳಿಯ ಭಾನುವಾರ ಕೂತು ಹಸಿರು ಬಣ್ಣ ಹೊಡೆದಿದ್ದ. ಮಗಳು ಆಗಷ್ಟೇ ಆಫೀಸಿನಿಂದ ಬಂದವಳು, ಹೆಗಲ ಚೀಲವನ್ನೂ ಇಳಿಸದೆ ಕೇಳಿದಳು: “ಅಮ್ಮ, ನಿನ್ನ ಮೊಮ್ಮಗಳಿಗೆ ಆರೂವರೆ ವರ್ಷ ಆಯ್ತು. ಮೇಲೆ ಮಲಗಿಸ್ಬಹುದಲ್ವಾ?”

ಆ ವಾಸನೆಗೆ ನನಗೆ ಕೆಳಗಿನ ಮನೆಯ ಸಿಸ್ಟರ್ ನೆನಪಾಗಿದ್ದರು...

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಆಗ ನಾವು ಚಾಮರಾಜಪೇಟೆಯ ಒಂದು ಹಳೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಅವರಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಮದುವೆಯಾಗಿರಲಿಲ್ಲ. ಇಡೀ ರಸ್ತೆಗೆ ಅವರು ಸಿಸ್ಟರ್. ವರ್ಷಗಟ್ಟಲೆ ನೈಟ್ ಡ್ಯೂಟಿ ಮಾಡಿ ಮಾಡಿ ಅವರಿಗೆ ರಾತ್ರಿಯ ನಿದ್ದೆ ಅನ್ನುವುದೇ ಹೋಗಿಬಿಟ್ಟಿತ್ತು. ಬೆಳಿಗ್ಗೆ ಆರಕ್ಕೆ ಹಾಲು ತೆಗೆದುಕೊಂಡು, ಕಾಫಿ ಕುಡಿದು ಮಲಗಿದರೆ ಹನ್ನೊಂದರವರೆಗೆ ಏಳುತ್ತಿರಲಿಲ್ಲ. ಉಳಿದವರೆಲ್ಲ ಮಲಗುವ ಹೊತ್ತಿಗೆ ಅವರ ಮನೆಯಲ್ಲಿ ಅವರೆಕಾಳು ಸುಲಿಯುವುದು, ಸೀರೆಗೆ ಫಾಲ್ಸ್ ಹೊಲಿಯುವುದು ಶುರುವಾಗುತ್ತಿತ್ತು.

ನನ್ನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ನಾನು ಪ್ರೂಫ್ ನೋಡುತ್ತಿದ್ದೆ. ಸೋದರಮಾವನ ಹೆಸರು ಬಿಟ್ಟುಹೋದರೂ, ಮುಹೂರ್ತದ ಗಳಿಗೆ ತಪ್ಪಾದರೂ ಬೈಗುಳ ನನಗೇ. ಮದುವೆ ಸೀಸನ್ನಿನಲ್ಲಿ ಮನೆ ಸೇರುವಾಗ ರಾತ್ರಿ ಒಂಬತ್ತು ದಾಟುತ್ತಿತ್ತು. ಮಕ್ಕಳನ್ನು ಸ್ಕೂಲಿನಿಂದ ನೇರ ಅಂಗಡಿಗೇ ಕರೆತರುತ್ತಿದ್ದೆ. ಅವರು ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಹೋಂವರ್ಕ್ ಮುಗಿಸಿ, ಅಲ್ಲೇ ತೂಕಡಿಸುತ್ತಿದ್ದರು. ನನ್ನ ಗಂಡ ಕಲಾಸಿಪಾಳ್ಯದ ತರಕಾರಿ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದರು. ಬೆಳಗಿನ ಜಾವ ಮೂರಕ್ಕೇ ಎದ್ದು ಹೊರಡಬೇಕು. ಒಂದೇ ರೂಮಿನಲ್ಲಿ ನಾಲ್ವರೂ ಸಾಲಾಗಿ ನೆಲದ ಮೇಲೆ ಮಲಗುತ್ತಿದ್ದೆವು. ಕತ್ತಲಲ್ಲಿ ಅವರು ನಮ್ಮನ್ನೆಲ್ಲ ದಾಟಿಕೊಂಡು ಹೋಗುವಾಗ ಯಾರದಾದರೂ ಕೈಯೋ ಕಾಲೋ ತುಳಿಯದ ದಿನವಿಲ್ಲ. ಹಾಗಿದ್ದೂ ನನಗೆ ಎಚ್ಚರವಾಗುತ್ತಿರಲಿಲ್ಲ. ಆ ವರ್ಷಗಳಲ್ಲಿ ನಾನು ಮಲಗುತ್ತಿದ್ದೆ ಅನ್ನುವುದಕ್ಕಿಂತ ಬಿದ್ದುಕೊಳ್ಳುತ್ತಿದ್ದೆ ಅನ್ನುವುದೇ ಸರಿ.

ಮನೆಯ ಹಿಂಬದಿಗೆ ಬಾಲ್ಕನಿಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆಯಿತ್ತು. ಅದರಲ್ಲಿ ಹಳೇ ಸಾಮಾನು ತುಂಬಿತ್ತು. ಅದನ್ನು ಖಾಲಿ ಮಾಡಿ ಮಕ್ಕಳಿಗೆ ಕೊಡೋಣ, ಎರಡು ಮಂಚಕ್ಕೆ ಜಾಗವಿಲ್ಲ, ಒಂದರ ಮೇಲೊಂದು ಮಾಡಿಸೋಣ ಅಂದವಳು ನಾನೇ. ಮಂಡಿಯ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಬಂದೆವು. ಮಗನಿಗೆ ಏಳು ತುಂಬಿತ್ತು, ಮಗಳಿಗೆ ಐದು. ಮೇಲಿನದು ತನಗೇ ಎಂದು ಮಗ ಸ್ಕೂಲಿನಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಡಬಲ್ ಡೆಕ್ಕರ್ ಬಸ್ಸಿನ ಹಾಗಿರುತ್ತದೆ, ನಾನು ಮೇಲಿನ ಸೀಟು, ಎಂದು.

ಮಂಚ ಬರುವುದಕ್ಕೆ ಒಂದು ವಾರವಿರುವಾಗ, ಬೆಳಿಗ್ಗೆ ನಾನು ಕೆಲಸಕ್ಕೆ ಓಡುವ ಹೊತ್ತಿಗೆ ಸಿಸ್ಟರ್ ಗೇಟಿನ ಹತ್ತಿರ ನಿಂತಿದ್ದರು. ಆ ಹೊತ್ತಿನಲ್ಲಿ ಅವರು ಎದ್ದಿರುವುದನ್ನು ನಾನು ನೋಡೇ ಇರಲಿಲ್ಲ.

“ಮಂಚ ಮಾಡಿಸ್ತಿದೀಯಂತೆ. ಮೇಲೆ ಯಾರು ಮಲಗೋದು?” ಅಂದರು.

“ದೊಡ್ಡವನು, ಸಿಸ್ಟರ್.”

“ಬೇಡಮ್ಮ. ಈಗ್ಲೇ ಬೇಡ. ರಾತ್ರಿ ಹೊತ್ತು ನಿಮ್ಮನೇಲಿ ಓಡಾಟ ಕೇಳಿಸ್ತಿರುತ್ತೆ.”

ನನಗೆ ರೇಗಿಹೋಯಿತು. ನಮ್ಮ ಮಹಡಿಯ ನೆಲ ಮರದ ತೊಲೆಗಳ ಮೇಲೆ ನಿಂತದ್ದು. ಮೇಲೆ ಚಮಚ ಬಿದ್ದರೂ ಕೆಳಗೆ ಗೊತ್ತಾಗುತ್ತಿತ್ತು. ಮಕ್ಕಳ ಗಲಾಟೆಯ ಬಗ್ಗೆ ಹಿಂದೆ ನಾವಿದ್ದ ಮನೆಯಲ್ಲಿ ಕೆಳಗಿನ ಬಾಡಿಗೆದಾರರೊಬ್ಬರ ಜೊತೆ ಜಗಳ ಮಾಡಿಕೊಂಡು ಸಾಕಾಗಿದ್ದೆ. “ಮಕ್ಕಳಿರೋ ಮನೆ ಅಂದ್ಮೇಲೆ ಸದ್ದು ಇದ್ದೇ ಇರುತ್ತೆ ಸಿಸ್ಟರ್. ನಮ್ಮೆಜಮಾನ್ರು ಮೂರಕ್ಕೆ ಹೋಗ್ಬೇಕು, ಏನ್ಮಾಡೋಕಾಗುತ್ತೆ?” ಅಂದುಬಿಟ್ಟೆ.

“ಸದ್ದಿನ ವಿಷಯ ಅಲ್ಲಮ್ಮ...” ಎಂದು ಅವರು ಏನೋ ಹೇಳಲು ಹೊರಟರು. ನಾನು ನಿಲ್ಲಲಿಲ್ಲ. ಇನ್ನೊಬ್ಬರ ಮಾತನ್ನು ಪೂರ್ತಿ ಕೇಳುವಷ್ಟು ತ್ರಾಣ ನನ್ನಲ್ಲಿ ಆಗ ಇರುತ್ತಲೇ ಇರಲಿಲ್ಲ.

ಹೊಸ ಬಣ್ಣದ ವಾಸನೆ ಹೊತ್ತು ಮಂಚ ಬಂದ ದಿನ ಸಂಜೆ, ಮಂಡಿನೋವಿನಿಂದಾಗಿ ಎಂದೂ ಮಹಡಿ ಹತ್ತದ ಸಿಸ್ಟರ್ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಮಡಚಿದ ಚಾಪೆ, ಕಂಕುಳಲ್ಲಿ ಒಂದು ನೋಟ್‌ಬುಕ್. ಮಗ ಆಗಲೇ ಮೇಲೆ ಹತ್ತಿ ಕೂತಿದ್ದ. ಸಿಸ್ಟರ್ ಕುರ್ಚಿಯಲ್ಲಿ ಕೂತು ಏದುಸಿರು ಕಡಿಮೆಯಾದ ಮೇಲೆ ನೋಟ್‌ಬುಕ್ ತೆರೆದು ನನ್ನ ಗಂಡನ ಕೈಗೆ ಕೊಟ್ಟರು. ವಾರ್ಡಿನಲ್ಲಿ ಬರೆಯುತ್ತಿದ್ದ ಅಭ್ಯಾಸವಿರಬೇಕು, ದುಂಡಗಿನ ಅಕ್ಷರಗಳಲ್ಲಿ ದಿನ, ಸಮಯ ಎಲ್ಲವೂ ಇತ್ತು. ಹನ್ನೆರಡೂ ಐವತ್ತು, ಅಡುಗೆಮನೆವರೆಗೆ ಹೋಗಿ ವಾಪಸ್. ಒಂದೂ ಹತ್ತು, ಬಾಲ್ಕನಿ ಬಾಗಿಲವರೆಗೆ, ಸ್ವಲ್ಪ ಹೊತ್ತು ನಿಂತು ವಾಪಸ್. ಎರಡು ದಿನ ಏನೂ ಇಲ್ಲ. ಮತ್ತೆ ಹನ್ನೆರಡೂ ಮುಕ್ಕಾಲು...

“ಇದು ನಿಮ್ಮ ಹೆಜ್ಜೆ ಅಲ್ಲ,” ಎಂದರು ನನ್ನ ಗಂಡನಿಗೆ. “ನಿಮ್ಮದು ಮೂರಕ್ಕೆ. ಇದು ಸಣ್ಣ ಕಾಲು, ಆದ್ರೆ ಪುಟ್ಟಿದಷ್ಟು ಹಗುರ ಅಲ್ಲ. ಬಾತ್‌ರೂಮಿಗೂ ಹೋಗಲ್ಲ, ನೀರಿನ ಸದ್ದಿರಲ್ಲ. ಹುಡುಗ ನಿದ್ದೇಲಿ ನಡೀತಾನೆ.”

“ನಮ್ಮವನಾ? ಒಂದಿನಾನೂ ನಾವು ನೋಡಿಲ್ಲ,” ಎಂದೆ ನಾನು.

“ನಿಂಗೆಲ್ಲಿ ಎಚ್ಚರ ಆಗುತ್ತಮ್ಮ,” ಎಂದರು. ಆ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಅದಕ್ಕೇ ಇರಬೇಕು, ನನಗೆ ಇನ್ನಷ್ಟು ಚುಚ್ಚಿತು. “ಇವತ್ತೊಂದು ರಾತ್ರಿ ಅವನನ್ನ ಕೆಳಗೆ ಮಲಗ್ಸು. ನಾನು ಹಾಲಲ್ಲಿ ಚಾಪೆ ಹಾಕ್ಕೋತೀನಿ. ಏನೂ ಆಗ್ಲಿಲ್ಲ ಅಂದ್ರೆ ನಾಳೆಯಿಂದ ನಿನ್ನಿಷ್ಟ.”

ಮಗ ಅತ್ತು ರಂಪ ಮಾಡಿದ. ಗಂಡ ಅವನನ್ನು ಎತ್ತಿ ಕೆಳಗಿಳಿಸಿ, “ಒಂದೇ ದಿನ ಅಲ್ವೇನೋ,” ಎಂದು ಸಮಾಧಾನ ಮಾಡಿದರು. ನನಗೆ ಒಳಗೊಳಗೇ ಕೋಪ. ನಾಳೆ ಬೆಳಿಗ್ಗೆ ಇವರಿಗೆ ಮುಖಭಂಗವಾಗಲಿ ಎಂದುಕೊಂಡೇ ಮಲಗಿದೆ.

ಯಾರೋ ಭುಜ ಅಲ್ಲಾಡಿಸಿದಾಗ ಎಷ್ಟು ಹೊತ್ತಾಗಿತ್ತೋ. ಸಿಸ್ಟರ್ ಬಾಯಿಯ ಮೇಲೆ ಬೆರಳಿಟ್ಟುಕೊಂಡು, ಎದ್ದು ಬಾ ಎಂದು ಸನ್ನೆ ಮಾಡಿದರು. ಹೋಗಿ ನೋಡುತ್ತೇನೆ, ಬಾಲ್ಕನಿಯ ಬಾಗಿಲ ಮುಂದೆ ನನ್ನ ಮಗ ನಿಂತಿದ್ದಾನೆ. ಕಣ್ಣು ತೆರೆದೇ ಇದೆ. ನಾನು ಎದುರಿಗೆ ನಿಂತರೂ ನೋಡುತ್ತಿಲ್ಲ. ಒಂದು ಕೈ ಚಿಲಕದ ಮೇಲಿತ್ತು. ನನ್ನ ಬಾಯಿಂದ ಅವನ ಹೆಸರು ಹೊರಬೀಳುವುದರಲ್ಲಿತ್ತು. ಸಿಸ್ಟರ್ ನನ್ನ ಮುಂಗೈ ಒತ್ತಿ ಹಿಡಿದರು. ಆಮೇಲೆ ಅವನ ಹಿಂದೆ ಹೋಗಿ, ಎರಡೂ ಭುಜದ ಮೇಲೆ ಹಗುರವಾಗಿ ಕೈಯಿಟ್ಟು, ಮೆಲ್ಲಗೆ ತಿರುಗಿಸಿದರು. “ಬಾ ಕಂದಾ, ಹಾಸಿಗೆ ಈ ಕಡೆ,” ಎಂದು ಪಿಸುಗುಟ್ಟುತ್ತಾ ನಡೆಸಿಕೊಂಡು ಹೋಗಿ ಮಲಗಿಸಿದರು. ಅವನು ಮಗ್ಗಲು ಬದಲಿಸಿ ಉಸಿರುಬಿಟ್ಟ, ಅಷ್ಟೆ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮಂಚದ ಮೇಲಿನ ಅಂತಸ್ತು ನನ್ನ ತಲೆಗಿಂತ ಎತ್ತರದಲ್ಲಿತ್ತು. ಅಲ್ಲಿಂದ ಅವನು ನಿದ್ದೆಯಲ್ಲಿ ಎದ್ದು ಒಂದು ಹೆಜ್ಜೆ ಇಟ್ಟಿದ್ದರೆ... ಸಿಸ್ಟರ್ ಲೋಟದಲ್ಲಿ ನೀರು ತಂದು ಕೊಟ್ಟರು.

“ನನ್ನ ಮಗನ ಕಾಲಿನ ಸದ್ದು ನಂಗೇ ಗೊತ್ತಾಗ್ಲಿಲ್ವಲ್ಲ ಸಿಸ್ಟರ್,” ಎಂದೆ.

“ಹುಡುಗ ಸುಸ್ತಾಗಿದಾನೆ. ಸುಸ್ತಾದ ಮಕ್ಕಳಿಗೆ ಹೀಗಾಗೋದುಂಟು, ದೊಡ್ಡವರಾಗ್ತಾ ಹೋಗುತ್ತೆ. ಅವನನ್ನ ಬಿಡು, ನೀನು ಎಷ್ಟು ಸುಸ್ತಾಗಿದೀಯ ಅಂತ ನಿಂಗೆ ಗೊತ್ತಾ?”

ಹಾಗೆ ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಮಾರನೆಯ ದಿನದಿಂದ ಸಿಸ್ಟರ್ ಮಕ್ಕಳನ್ನು ಅಂಗಡಿಗೆ ಕರೆದೊಯ್ಯಲು ಬಿಡಲಿಲ್ಲ. ಬೆಳಿಗ್ಗೆ ಸ್ಕೂಲಿಗೆ ಬಿಟ್ಟುಬರುವುದೂ, ಆಮೇಲೆ ಕರೆತರುವುದೂ ಅವರದೇ ಆಯಿತು. ಏಳಕ್ಕೆ ಊಟ, ಎಂಟೂವರೆಗೆ ಹಾಸಿಗೆ. ಡಾಕ್ಟರಿಗೂ ತೋರಿಸಿಕೊಂಡು ಬಂದೆವು. ಅವರು ಹೇಳಿದ್ದೂ ಅದನ್ನೇ. ಬಾಲ್ಕನಿ ಬಾಗಿಲಿಗೆ ಮೇಲುಗಡೆ ಇನ್ನೊಂದು ಚಿಲಕ ಹಾಕಿಸಿದೆವು. ಮೇಲಿನ ಮಂಚ ಹಾಗೇ ಖಾಲಿ ಬಿದ್ದಿತ್ತು. ಮಗ ತಿಂಗಳುಗಟ್ಟಲೆ ಸಿಸ್ಟರ್ ಮೇಲೆ ಮುನಿಸಿಕೊಂಡಿದ್ದ. ಅವರ ಕೈಯಿಂದ ಊಟ ಮಾಡುತ್ತಿದ್ದ, ಮಾತು ಮಾತ್ರ ಆಡುತ್ತಿರಲಿಲ್ಲ. ಈ ನಡುವೆ ಮಗಳು ಹಟ ಹಿಡಿದಳು, ಅಣ್ಣನಿಗೆ ಬೇಡವಾದರೆ ತನಗೆ ಕೊಡಿ ಎಂದು. ಸಿಸ್ಟರ್ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಹತ್ತೋಕೆ ಎಲ್ಲಾರ್ಗೂ ಬರುತ್ತೆ ಪುಟ್ಟಿ. ನಿದ್ದೆಗಣ್ಣಲ್ಲಿ, ಲೈಟ್ ಹಾಕ್ದೆ, ಅಳ್ದೆ ಇಳಿಯೋಕೆ ಬರುತ್ತಾ?” ಎಂದರು. ಅವಳು ಬಹಳ ಹೊತ್ತು ಯೋಚಿಸಿ ಇಲ್ಲ ಎಂದು ತಲೆಯಾಡಿಸಿದಳು.

ಹೆಜ್ಜೆಗಳು ನಿಧಾನವಾಗಿ ಕಡಿಮೆಯಾದವು. ವಾರಕ್ಕೊಮ್ಮೆ ಆಯಿತು, ತಿಂಗಳಿಗೊಮ್ಮೆ ಆಯಿತು. ಆಮೇಲೆ ಪೂರ್ತಿ ನಿಂತಿತು. ನಿಂತ ಮೇಲೂ ಐದು ತಿಂಗಳು ಕಾದರು ಆ ಹೆಂಗಸು. ಪ್ರತಿ ರಾತ್ರಿ ಕೆಳಗೆ ಕೂತು ಕಿವಿಗೊಟ್ಟು ಕೇಳಿ, ನೋಟ್‌ಬುಕ್ಕಿನಲ್ಲಿ ‘ಇಲ್ಲ’ ಎಂದು ಬರೆದರು. ಒಂದು ಸಂಜೆ ಮೆಟ್ಟಿಲ ಕೆಳಗೆ ನಿಂತೇ ಕೂಗಿ ಹೇಳಿದರು, “ಇವತ್ತು ಮೇಲೆ ಹತ್ಸು ಅವನನ್ನ!” ಮಗ ಕೆಳಗೆ ಓಡಿಹೋಗಿ ಅವರ ಸೊಂಟ ಹಿಡಿದುಕೊಂಡ.

ಆಮೇಲೆ ಎರಡು ವರ್ಷ ನಾವೆಲ್ಲ ಚೆನ್ನಾಗಿ ನಿದ್ದೆ ಮಾಡಿದೆವು.

ಒಂದು ಬೆಳಿಗ್ಗೆ ಆರೂವರೆಗೆ ನಾನು ಕೆಳಗೆ ಬಂದಾಗ ಅವರ ಬಾಗಿಲ ಮುಂದೆ ಹಾಲಿನ ಪ್ಯಾಕೆಟ್ ಹಾಗೇ ಇತ್ತು. ಬಾಗಿಲು ಬಡಿದೆ. ಒಳಗಿಂದ ಏನೋ ಸಣ್ಣ ಸದ್ದು. ಪಕ್ಕದ ಮನೆಯವರನ್ನು ಕೂಗಿ ಬಾಗಿಲು ಮುರಿಸಿದೆವು. ಸಿಸ್ಟರ್ ಬಚ್ಚಲಲ್ಲಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಸೀರೆಯೆಲ್ಲ ಒದ್ದೆಯಾಗಿ ಚಳಿಗೆ ತುಟಿ ನೀಲಿಯಾಗಿತ್ತು. ಕೈಯಲ್ಲಿ ಚೊಂಬು.

ಆಸ್ಪತ್ರೆಯಲ್ಲಿ ಸಂಜೆ ಅವರೇ ನಕ್ಕು ಹೇಳಿದರು, “ನಿನ್ ಗಂಡ ಮೆಟ್ಟಿಲು ಇಳಿದು ಹೋಗಿದ್ದು ಕೇಳಿಸ್ತು ನೋಡು, ಅದಾಗಿ ಹತ್ತು ನಿಮಿಷಕ್ಕೆ ಬಿದ್ದೆ. ಸ್ವಲ್ಪ ಮುಂಚೆ ಬಿದ್ದಿದ್ರೆ ಅವ್ರಿಗಾದ್ರೂ ಗೊತ್ತಾಗ್ತಿತ್ತು. ಆಮೇಲೆ ಚೊಂಬು ತಗೊಂಡು ಬಕೆಟ್ ಬಡಿದೆ. ಕೂಗ್ದೆ...”

“ನಮಗೆ ಕೇಳಿಸ್ಲೇ ಇಲ್ಲ ಸಿಸ್ಟರ್.”

“ಮಲಗಿದ್ರಿ, ಇನ್ನೇನು. ಒಳ್ಳೇದಾಯ್ತು ಬಿಡು, ಮಕ್ಕಳು ಹೆದರ್ಕೊಳ್ತಿದ್ವು.”

ಮೂರೂಕಾಲಿನಿಂದ ಆರೂವರೆಯವರೆಗೆ... ನಾನು ಆ ಮೂರೂಕಾಲು ಗಂಟೆಯನ್ನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ. ಅವರ ಬಚ್ಚಲು ನಾನು ಮಲಗುವ ಜಾಗದ ನೇರ ಕೆಳಗಿತ್ತು.

ಅವರ ತಮ್ಮನ ಮಗಳು ಬಂದು ಕೋಲಾರದ ಕಡೆಯ ತನ್ನ ಊರಿಗೆ ಕರೆದುಕೊಂಡು ಹೋದಳು. ಒಂದು ಸಲ ನಾವು ನಾಲ್ವರೂ ಹೋಗಿ ನೋಡಿ ಬಂದೆವು. ಮಗನ ಎತ್ತರ ನೋಡಿ, “ಮಂಚಕ್ಕೆ ಕಾಲು ತಾಗ್ತಿದೆಯೇನೋ?” ಎಂದು ಕೇಳಿದರು. ಇನ್ನೊಂದು ಸಲ ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಮದುವೆ ಸೀಸನ್ ಶುರುವಾಗಿತ್ತು. ಮುಗಿದ ಮೇಲೆ ಹೋದರಾಯಿತು ಎಂದುಕೊಂಡೆ. ಸೀಸನ್ ಮುಗಿಯುವುದಕ್ಕೆ ಮೊದಲೇ ಫೋನ್ ಬಂತು. ಆ ದಿನವೂ ನಾನು ಯಾರದೋ ಲಗ್ನಪತ್ರಿಕೆಯಲ್ಲಿ ಕಾಗುಣಿತ ತಿದ್ದುತ್ತಾ ಕೂತಿದ್ದೆ. ತಿದ್ದಿ ಮುಗಿಸಿಯೇ ಎದ್ದೆ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳಿಗೆ ಸಿಸ್ಟರ್ ಮುಖ ಸರಿಯಾಗಿ ನೆನಪಿಲ್ಲ, ತೊಡೆ ನೆನಪಿದೆಯಂತೆ. “ಒಂದು ತಿಂಗಳು ನೋಡು, ಮಗು ಹೇಗೆ ಮಲಗುತ್ತೆ, ಎದ್ದರೆ ಏನು ಮಾಡುತ್ತೆ ಅಂತ. ಆಮೇಲೆ ಮೇಲೆ ಹತ್ಸು,” ಎಂದೆ.

“ನೋಡೋಕೆ ನಂಗೆಲ್ಲಮ್ಮ ಆಗುತ್ತೆ? ದಿಂಬಿಗೆ ತಲೆ ಕೊಟ್ರೆ ಮುಗೀತು,” ಎಂದಳು. ಅವಳ ಕಣ್ಣ ಕೆಳಗಿನ ಕಪ್ಪು ನೋಡಿದೆ. ನಾನೇ ಹತ್ತು ದಿನ ಇದ್ದು ನೋಡುತ್ತೇನೆ ಎಂದೆ.

ಮೊಮ್ಮಗಳನ್ನು ಕೆಳಗಿನ ಮಂಚದಲ್ಲಿ ಮಲಗಿಸಿ, ಪಕ್ಕದಲ್ಲೇ ನೆಲಕ್ಕೆ ಹಾಸಿಕೊಂಡು ಎಚ್ಚರವಾಗಿರಲು ಕೂತೆ. ಮೊದಲ ರಾತ್ರಿ ಹನ್ನೊಂದೂವರೆಯವರೆಗೆ ಗಡಿಯಾರ ನೋಡಿದ್ದು ನೆನಪಿದೆ. ಎರಡನೆಯ ರಾತ್ರಿ ಅಷ್ಟೂ ಇಲ್ಲ. ಮೂರನೆಯ ದಿನ ಮಧ್ಯಾಹ್ನವೇ ಒಂದು ನಿದ್ದೆ ತೆಗೆದು, ಎರಡು ಲೋಟ ಕಾಫಿ ಕುಡಿದು ಕೂತೆ; ಆದರೂ ಆಗಲಿಲ್ಲ.

ಬೆಳಿಗ್ಗೆ ಮಗಳು ಕೇಳಿದಳು, “ಏನಾದ್ರೂ ಕೇಳಿಸ್ತಾ ಅಮ್ಮ?”

“ಗೊತ್ತಿಲ್ಲ ಕಣೇ. ಮಲಗ್ಬಿಟ್ಟೆ.”

ಅವಳು ನಗಲಿಲ್ಲ. ಡಬ್ಬಿಗೆ ಚಪಾತಿ ಸುತ್ತಿಡುತ್ತಾ, “ಹೋಗ್ಲಿ ಬಿಡು. ಇನ್ನೊಂದು ವರ್ಷ ಕೆಳಗೇ ಮಲಗ್ಲಿ,” ಎಂದಳು.

ಒಂದು ರಾತ್ರಿ ಪೂರ್ತಿ ಎಚ್ಚರವಿರಲು ನನ್ನಿಂದ ಆಗಲಿಲ್ಲ, ಅದೂ ಸ್ವಂತ ಮೊಮ್ಮಗಳಿಗಾಗಿ. ಬೆಳಗಿನ ನಿದ್ದೆಯನ್ನೂ ಬಿಟ್ಟು ಹಗಲೆಲ್ಲ ನನ್ನ ಮಕ್ಕಳನ್ನು ನೋಡಿಕೊಂಡು, ರಾತ್ರಿಯೆಲ್ಲ ಅವರ ಹೆಜ್ಜೆಗೆ ಕಾಯುತ್ತಿದ್ದ ಆ ವರ್ಷ ಸಿಸ್ಟರ್ ಯಾವ ಹೊತ್ತಿನಲ್ಲಿ ಮಲಗುತ್ತಿದ್ದರು? ಆಗ ನನಗೆ ಕೇಳಬೇಕೆಂದೇ ಹೊಳೆದಿರಲಿಲ್ಲ. ಈಗ ಹೊಳೆದಿದೆ, ಕೇಳಲು ಅವರಿಲ್ಲ.