ತಿಕೋಟಾದಲ್ಲಿ ತುಂಬದೆ ಉಳಿದ ಉಡಿ

ಬೆಳಿಗ್ಗೆಯಿಂದ ಕೈಗೆ ಡಾಂಬರು ಗುಳಿಗೆಯ ವಾಸನೆ ಹತ್ತಿದೆ. ಸಾಬೂನು ಹಚ್ಚಿ ತೊಳೆದರೂ ಹೋಗಲೊಲ್ಲದು. ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರ ನನ್ನದು ಸೀರೆ-ಖಣಗಳ ಅಂಗಡಿ. ಬಬಲೇಶ್ವರದಲ್ಲಿ ಗಂಟು ಹೊತ್ತು ಮನೆಮನೆ ತಿರುಗಿ ಮಾರಿದವಳು, ಕೊನೆಗೆ ಸ್ವಂತದ್ದೊಂದು ಮಾಡಿಕೊಂಡೆ. ಆದ್ದರಿಂದ ಹೇಳುತ್ತೇನೆ, ಯಾರಾದರೂ ಕುಪ್ಪಸಕ್ಕೆಂದು ಖಣ ಕೊಟ್ಟರೆ ಮೊದಲು ಮೂಸಿ ನೋಡಿ. ಹೊಸದಕ್ಕೆ ಗಂಜಿಯ ವಾಸನೆ ಇರುತ್ತದೆ. ಡಾಂಬರು ಗುಳಿಗೆ ನಾರಿದರೆ, ಅದು ಯಾರಿಗೋ ಕೊಡಲೆಂದು ತೆಗೆದು ಮತ್ತೆ ತಿಜೋರಿಗೆ ಸೇರಿದ ಖಣ. ಇವತ್ತು ನನ್ನ ಗಲ್ಲೆಯ ಮುಂದೆ ಬಂದದ್ದು ಅಂಥದ್ದೇ. ಗಿಳಿಹಸಿರು ಬಣ್ಣ, ಕೆಂಪು ಅಂಚು, ಮೂಲೆಯಲ್ಲಿ ಕುಂಕುಮದ ಬೆರಳ ಗುರುತು. ಆ ಗುರುತು ಕಂಡದ್ದೇ ಮಾರಿಷಸ್ಸಿನ ಅಕ್ಕ ನೆನಪಾದಳು...

ಕೆಲವು ವರ್ಷಗಳ ಹಿಂದೆ ಸೀರೆ ಕೊಳ್ಳಲು ನನ್ನ ಅಂಗಡಿಗೆ ಬಂದಿದ್ದಳು. ಅರವತ್ತು ದಾಟಿದ ಹೆಂಗಸು, ಕಾಲಲ್ಲಿ ಬಿಳಿ ಬೂಟು, ಬಾಯಲ್ಲಿ ನಮ್ಮ ಕಡೆ ಕೇಳದಂಥ ಹಿಂದಿ. ಅವಳ ಮುತ್ತಜ್ಜಿಯ ತಾಯಿ ಬ್ರಿಟಿಷರ ಕಾಲದಲ್ಲಿ ಕಬ್ಬಿನ ಕೂಲಿಗೆಂದು ಮುಂಬಯಿಯಲ್ಲಿ ಹಡಗು ಹತ್ತಿದವಳಂತೆ. ಯಾವ ಊರಿನಿಂದ ಹೋದಳೆಂದು ಯಾರಿಗೂ ಗೊತ್ತಿರಲಿಲ್ಲ. ಈಗ ಡಬ್ಬಿಯಲ್ಲಿ ಉಗುಳು ಕಳಿಸಿದರೆ ಯಾರ ರಕ್ತ ಯಾರಿಗೆ ಕೂಡುತ್ತದೆಂದು ಹೇಳುವ ಡಿಎನ್‌ಎ ಪರೀಕ್ಷೆ ಬಂದಿದೆಯಲ್ಲ, ಅದನ್ನು ಮಾಡಿಸಿದ್ದಳು. ಪುಣೆಯ ಒಬ್ಬ ಹುಡುಗಿಯ ಜೊತೆ ಕೂಡಿತು. ಆ ಹುಡುಗಿ ತಿಕೋಟಾದ ದ್ರಾಕ್ಷಿ ತೋಟದ ಸಾಹುಕಾರರ ತಮ್ಮನ ಮಗಳು. ಹಿಂದೊಮ್ಮೆ ಆ ಮನೆಯಿಂದ ಹೆಣ್ಣುಮಗಳೊಬ್ಬಳು ಹೇಳದೆ ಕೇಳದೆ ಹೋದ ಮಾತು ಅಲ್ಲಿ ಇನ್ನೂ ಉಳಿದಿತ್ತು.

ಅವಳಿಗೆ ಬೇಕಾದದ್ದು ಒಂದೇ. ಮಾರಿಷಸ್ಸಿನ ಅವರ ಮನೆಯಲ್ಲಿ ಭಾಷೆ ಮರೆತಿತ್ತು, ಊರು ಮರೆತಿತ್ತು, ಆದರೆ ಮಗಳು ಹೊರಟಾಗ ಅವಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ ಹಾಕುವುದು ಉಳಿದಿತ್ತು.

“ಅದಕ್ಕ ನಾವು ಉಡಿ ತುಂಬೂದು ಅಂತೇವಿ,” ಎಂದೆ.

ಉಡಿ, ಉಡಿ ಎಂದು ಸಣ್ಣ ಹುಡುಗಿಯಂತೆ ಅಂದುಕೊಂಡಳು. ಹಡಗು ಹತ್ತಿದವಳಿಗೆ ಯಾರೂ ಉಡಿ ತುಂಬಿ ಕಳಿಸಿರಲಿಲ್ಲ. ಆ ಮನೆಯವರು ತನಗೆ ಒಂದು ಸಲ ತುಂಬಿದರೆ ಸಾಕು ಎಂದಳು. ಇಳಕಲ್ ಸೀರೆಯೊಂದನ್ನು ದರ ಇಳಿಸಿ ಕೊಟ್ಟು (ನಷ್ಟಕ್ಕಲ್ಲ, ಸುಳ್ಳೇಕೆ), ನಾನೇ ಉಡಿಸಿ, ತಿಕೋಟಾಕ್ಕೆ ಕರೆದುಕೊಂಡು ಹೋದೆ.

ಸಾಹುಕಾರರ ತಾಯಿ ಬಾಗಿಲಲ್ಲೇ ಅವಳ ಗಲ್ಲ ಹಿಡಿದರು. “ಬಾರ ನನ್ನವ್ವ, ಎಷ್ಟ ತಡಾ ಮಾಡಿ ಬಂದಿ!” ತಿಜೋರಿಯಿಂದ ಗಿಳಿಹಸಿರು ಖಣ ತೆಗೆದರು. ಕುಂಕುಮ ಹಚ್ಚಿದ ಬೆರಳಿನಿಂದಲೇ ಅದನ್ನು ತಟ್ಟೆಯಲ್ಲಿ ಅಕ್ಕಿಯ ಮೇಲೆ ಇಟ್ಟರು. ಅಕ್ಕ ಸೆರಗು ಒಡ್ಡಿ ನಿಂತಳು.

ಅಷ್ಟರಲ್ಲಿ ಸಾಹುಕಾರರು ನನ್ನನ್ನು ಹಿತ್ತಲಿಗೆ ಕರೆದರು.

“ಅಕ್ಕಾರ, ಡಿಎನ್‌ಎ ಅಂದ್ರ ಕೋರ್ಟಿನ್ಯಾಗ ಗಟ್ಟಿ ಪುರಾವೆ ಅಂತ್ರಿ. ಇವತ್ತ ಮಂದಿ ಮುಂದ ಮನಿ ಮಗಳಂತ ಉಡಿ ತುಂಬಿದ್ರ, ನಾಳೆ ತೋಟದಾಗ ಪಾಲ ಕೇಳ್ತಾಳ ಆಕಿ.”

“ನಾಕ ತಲಿ ದಾಟಿದ ಮ್ಯಾಗ ಎಲ್ಲೀ ಪಾಲ್ರಿ ಸಾವ್ಕಾರ್ರ? ಆಕಿ ಕೇಳಾಕ ಬಂದದ್ದು ಒಂದ ಬೊಗಸಿ ಅಕ್ಕಿ.”

“ನೀವು ಅರಿವಿ ಮಾರೂ ಮಂದಿ, ನಿಮಗೇನ್ ತಿಳೀತದ ಭೂಮಿ ವಿಚಾರ?”

ಮೊದಲೇ ಬರೆಸಿಟ್ಟ ಹಾಳೆಯೊಂದನ್ನು ಹೊರತೆಗೆದರು. ನನಗೆ ಈ ಆಸ್ತಿ ಬೇಡ, ಈ ಮನೆಗೂ ನನಗೂ ಸಂಬಂಧವಿಲ್ಲ ಎಂದು ಅದರಲ್ಲಿತ್ತು. ಅದಕ್ಕೆ ಸಹಿ ಹಾಕಿದರೆ ಉಡಿ ತುಂಬುತ್ತಾರಂತೆ! ಹಿಂದಿಯಲ್ಲಿ ಅಕ್ಕನಿಗೆ ಹೇಳಿದೆ. ಮೊದಲು ನಕ್ಕಳು. ಆಮೇಲೆ, ಆಸ್ತಿ ಬೇಡ ಎಂದು ಎಷ್ಟು ಸಲ ಬೇಕಾದರೂ ಬರೆದುಕೊಡುತ್ತೇನೆ, ಸಂಬಂಧವಿಲ್ಲ ಎಂದು ಹೇಗೆ ಬರೆಯಲಿ, ಅದನ್ನೇ ಹುಡುಕಿಕೊಂಡು ಬಂದಿದ್ದೇನಲ್ಲ ಎಂದಳು.

ನಾನು ಚೌಕಾಶಿಗೆ ಇಳಿದೆ. ಎಂಥೆಂಥ ಮಗ್ಗದ ಮಾಲೀಕರನ್ನು ಬಗ್ಗಿಸಿದವಳು. “ಸಂಬಂಧಿಲ್ಲ ಅನ್ನೂ ಕಡೀ ಸಾಲ ಒಂದ ಹೊಡದ ಹಾಕ್ರಿ, ಉಳಿದದ್ದಕ್ಕ ಈಗಿಂದೀಗ ಸಹಿ ಮಾಡ್ತಾರ.”

“ನನಗ ಬೇಕಾದದ್ದು ಅದ ಸಾಲ್ರಿ,” ಎಂದರು. ಒಳಗೆ ಹೋಗಿ ತಟ್ಟೆಯ ಮೇಲಿನ ಖಣ ಎತ್ತಿಕೊಂಡು ತಿಜೋರಿಗೆ ಹಾಕಿದರು.

“ಲೇ, ನಿನ್ನ ಹೊಟ್ಟ್ಯಾಗೂ ಒಂದು ಹೆಣ್ಣ ಹುಟ್ಟೇತಿ, ನೆಪ್ಪಿರಲಿ!” ಎಂದರು ತಾಯಿ.

ಸಾಹುಕಾರರು ಕೀಲಿ ತಿರುಗಿಸಿದರು.

ವಿಜಯಪುರದ ದಾರಿಯುದ್ದಕ್ಕೂ ಅಕ್ಕ ಖಾಲಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಕುಳಿತಿದ್ದಳು. ನಾನು ತುಂಬುತ್ತೇನೆ, ನನ್ನ ಅಂಗಡಿಯಲ್ಲಿ ಖಣಕ್ಕೇನು ಬರವೇ ಎಂದೆ. ನನ್ನ ಕೈ ತಟ್ಟಿ, ಬೇಡವೆಂದು ತಲೆ ಆಡಿಸಿದಳು. ಆಮೇಲೆ ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದಳು. ನನ್ನ ಮುರುಕು ಹಿಂದಿಗೆ ನಗುತ್ತಿದ್ದಳು... ಕಳೆದ ವರ್ಷ ಅವಳ ಮಗಳಿಂದ ಸುದ್ದಿ ಬಂತು. ಅಕ್ಕ ಇನ್ನಿಲ್ಲ.

ಇಂಥ ಪರೀಕ್ಷೆ ಮಾಡಿಸುವವರಿಗೆ ನನ್ನದೊಂದು ಸಲಹೆ. ವರದಿ ಬಂದ ಕೂಡಲೇ ಟಿಕೆಟ್ ತೆಗೆಸಬೇಡಿ. ಆ ಮನೆಗೆ ಹೊಲವೆಷ್ಟಿದೆ, ನೀರಾವರಿ ಬಂದಿದೆಯೇ ಎಂದು ಮೊದಲು ವಿಚಾರಿಸಿ.

ಇವತ್ತು ಬೆಳಿಗ್ಗೆ ಬಂದವರು ಅದೇ ಸಾಹುಕಾರರು. ಚಹಾ ತರಿಸಿದೆ. ಅದೇ ಖಣವನ್ನು ನನ್ನ ಕೈಗಿಟ್ಟರು.

“ನಮ್ಮ ಅಕ್ಕಗ ಕಳಿಸ್ರಿ ಇದನ್ನ. ಅವ್ವ ಸಾಯೂ ಮುಂದೂ ಆಕೀದ ಜಪಾ. ಹಂಗ, ಅಲ್ಲೆ ನಮ್ಮ ಒಣದ್ರಾಕ್ಷಿಗೆ ಯಾರರ ದೊಡ್ಡ ಗಿರಾಕಿ ಅದಾರೇನು ಕೇಳ್ರಿ. ಎಷ್ಟಂದ್ರೂ ರಕ್ತಸಂಬಂಧ, ಡಿಎನ್‌ಎನ ಹೇಳೇತಲ್ಲ!”

“ಆಕಿ ತೀರಿಕೊಂಡು ವರ್ಷಾತ್ರಿ.”

“ಅಯ್ಯ ಪಾಪ...” ಬಸಿಯಲ್ಲಿ ಚಹಾ ಸುರಿದುಕೊಂಡು ಒಂದು ಗುಟುಕು ಕುಡಿದರು. “ಹಂಗಾರ ಖಣಾ ಇತ್ಲಾಗ ಕೊಡ್ರಿ ಅಕ್ಕಾರ. ನಾಡದ ಬೀಗರ ಮನ್ಯಾಗ ಬಸುರಿ ಸೊಸೀದ ಕುಬಸದ ಕಾರ್ಯ ಐತಿ, ಅಲ್ಲೆ ನಡೀತದ.”

ಖಣವನ್ನು ಕೆಳಗಿಟ್ಟು, ಮತ್ತೆ ಮುಟ್ಟಲಾರದೆ ಗಜಕೋಲಿನಿಂದ ಅವರತ್ತ ಸರಿಸಿದೆ. ಮಡಚಿ ಚೀಲಕ್ಕೆ ಹಾಕಿಕೊಂಡರು. ಚಹಾ ಮುಗಿಸಿಯೇ ಎದ್ದರು.

ಅಕ್ಕನ ನಂಬರು ಫೋನಿನಲ್ಲಿ ಇನ್ನೂ ಇದೆ. ಇಂಥದ್ದೊಂದು ನಡೆದರೆ ಮೊದಲು ಅವಳಿಗೇ ಹೇಳಬೇಕಿತ್ತು. ಹೆಸರು ತೆಗೆದು ನೋಡಿದೆ, ಮುಚ್ಚಿಟ್ಟೆ... ಮತ್ತೆ ಕೈ ತೊಳೆಯಲು ಎದ್ದೆ.